ಪೊಟ್ಟಣದ ಒಳಗೋ ಹೊರಗೋ: ವರ್ಚುವಲ್ ಅಪ್ಲಿಕೇಶನ್‌ಗಳಲ್ಲಿ ಸ್ಕ್ರಿಪ್ಟ್ ನಡೆದುಬಂದ ದಾರಿ

1. ಪ್ರಶ್ನೆ

ಕಂಪ್ಯೂಟರಿನಲ್ಲಿ ಅಪ್ಲಿಕೇಶನ್ ಒಂದನ್ನು ಮಾಮೂಲಿ ರೀತಿಯಲ್ಲಿ ಸ್ಥಾಪಿಸದೆ ಓಡಿಸುವ ತಂತ್ರಕ್ಕೆ ಅಪ್ಲಿಕೇಶನ್ ವರ್ಚುವಲೈಸೇಶನ್ ಎನ್ನುತ್ತಾರೆ. ತನಗೆ ಬೇಕಾದ ಕಡತಗಳನ್ನೂ ರಿಜಿಸ್ಟ್ರಿ ನಮೂದುಗಳನ್ನೂ ಅಪ್ಲಿಕೇಶನ್ ಒಂದು ಪೊಟ್ಟಣದಲ್ಲಿ ತನ್ನೊಡನೆ ತರುತ್ತದೆ. ಯಂತ್ರದ ಉಳಿದ ಭಾಗಕ್ಕೆ ಕೈ ಹಾಕುವುದಿಲ್ಲ. ಒಂದು ಡಿಎಲ್‌ಎಲ್ ಕಡತದ ಹಳೆಯ ಆವೃತ್ತಿಗೂ ಹೊಸ ಆವೃತ್ತಿಗೂ ನಡೆಯುತ್ತಿದ್ದ ಜಗಳಕ್ಕೆ ಇದು ಕಂಡುಕೊಂಡ ಮದ್ದು. ಆದರೆ ಪೊಟ್ಟಣವನ್ನು ಮುಚ್ಚಿದಷ್ಟೂ ಅದನ್ನು ಆಯಾ ಕಚೇರಿಯ ಅಗತ್ಯಕ್ಕೆ ಹೊಂದಿಸುವುದು ಕಷ್ಟ. ಹೀಗಾಗಿ ಈ ವರ್ಗದ ಮುಖ್ಯ ಉತ್ಪನ್ನಗಳು ಸ್ಕ್ರಿಪ್ಟ್‌ಗೆ ಎಲ್ಲಾದರೂ ಒಂದು ಜಾಗ ಬಿಟ್ಟಿವೆ. ಆ ಜಾಗ ಪೊಟ್ಟಣದ ಒಳಗಿತ್ತೋ ಹೊರಗಿತ್ತೋ, ಅದರಿಂದ ಯಾರ ಕೈಗೆ ಅಧಿಕಾರ ಬಂತು ಎಂಬುದನ್ನು ಈ ಲೇಖನ ವಿಂಡೋಸ್ ಲೋಕಕ್ಕೆ ಸೀಮಿತವಾಗಿ ಪರಿಶೀಲಿಸುತ್ತದೆ.

2. ಹಿನ್ನೆಲೆ: ಲಾಗಿನ್ ಹೊತ್ತಿನ ಸ್ಕ್ರಿಪ್ಟ್

ವರ್ಚುವಲ್ ಪರಿಸರವನ್ನು ಸ್ಕ್ರಿಪ್ಟ್‌ನಿಂದ ಹದಗೊಳಿಸುವ ರೂಢಿ ವಿಂಡೋಸ್‌ಗಿಂತ ಹಳೆಯದು. ಐಬಿಎಂ 1972ರಲ್ಲಿ ಪ್ರಕಟಿಸಿದ ವಿಎಂ/370 ವ್ಯವಸ್ಥೆ ಒಂದೇ ಮೇನ್‌ಫ್ರೇಮ್‌ನಲ್ಲಿ ಪ್ರತಿ ಬಳಕೆದಾರನಿಗೂ ಪ್ರತ್ಯೇಕ ವರ್ಚುವಲ್ ಯಂತ್ರ ಕೊಡುತ್ತಿತ್ತು. ಅದರೊಳಗಿನ ಸಿಎಂಎಸ್ ಏಳುವಾಗ ‘ಪ್ರೊಫೈಲ್ ಎಕ್ಸೆಕ್’ ಎಂಬ ಕಡತ ತಾನಾಗಿ ಓಡುತ್ತಿತ್ತು. ಮೈಕ್ ಕೌಲಿಶಾ 1979ರಲ್ಲಿ ಆರಂಭಿಸಿದ ರೆಕ್ಸ್ ಭಾಷೆ ಬೆಳೆದದ್ದು ಇಂಥ ಕೆಲಸಗಳಿಗಾಗಿಯೇ. ಇಲ್ಲಿ ಸ್ಕ್ರಿಪ್ಟ್ ಬರೆಯುವವನು ಯಂತ್ರದ ಬಳಕೆದಾರನೇ ಆಗಿದ್ದ.

1998ರಲ್ಲಿ ಬಂದ ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಆವೃತ್ತಿಯಲ್ಲಿ ಚಿತ್ರ ಬದಲಾಯಿತು. ಒಬ್ಬನಿಗಾಗಿ ಬರೆದ ಅಪ್ಲಿಕೇಶನ್‌ಗಳನ್ನು ಹತ್ತಾರು ಜನ ಏಕಕಾಲಕ್ಕೆ ಬಳಸತೊಡಗಿದರು. ಆಫೀಸ್ 97ರಂಥ ತಂತ್ರಾಂಶಗಳು ಬಳಕೆದಾರನ ಕಡತಗಳ ದಾರಿಯನ್ನು ಎಲ್ಲರಿಗೂ ಸಮಾನವಾದ ಜಾಗದಲ್ಲಿ ಬರೆದಿಡುತ್ತಿದ್ದವು. ಒಬ್ಬರ ಕಡತದ ಮೇಲೆ ಇನ್ನೊಬ್ಬರದು ಬೀಳುವ ಅಪಾಯವಿತ್ತು. ಇದಕ್ಕೆಂದು ಮೈಕ್ರೋಸಾಫ್ಟ್ ‘ಅಪ್ಲಿಕೇಶನ್ ಕಂಪ್ಯಾಟಿಬಿಲಿಟಿ ಸ್ಕ್ರಿಪ್ಟ್ಸ್’ ಎಂಬ ಫೋಲ್ಡರ್ ಒದಗಿಸಿತು. ಅದರ ಉಪಾಯ ಸರಳ: ಲಾಗಿನ್ ಆದೊಡನೆ ಬ್ಯಾಚ್ ಕಡತವೊಂದು ‘ಡಬ್ಲ್ಯೂ’ದಂಥ ಒಂದು ಡ್ರೈವ್ ಅಕ್ಷರವನ್ನು ಆ ಬಳಕೆದಾರನ ಸ್ವಂತ ಫೋಲ್ಡರಿಗೆ ಜೋಡಿಸುತ್ತಿತ್ತು. ಅಪ್ಲಿಕೇಶನ್ ಕಣ್ಣಿಗೆ ದಾರಿ ಒಂದೇ, ತಲುಪುವ ಫೋಲ್ಡರ್ ಮಾತ್ರ ಬೇರೆ ಬೇರೆ. ಅಪ್ಲಿಕೇಶನ್‌ನ ಕೋಡ್ ಮುಟ್ಟದೆ ಅದು ಕಾಣುವ ಲೋಕವನ್ನು ಬದಲಿಸುವ ವಿಚಾರ ಇಲ್ಲಿ ಆಗಲೇ ಮೊಳೆತಿತ್ತು. ಸ್ಕ್ರಿಪ್ಟ್ ಮಾತ್ರ ಬಳಕೆದಾರನ ಕೈಯಿಂದ ನಿರ್ವಾಹಕನ ಕೈಗೆ ದಾಟಿತ್ತು.

3. ಸಾಫ್ಟ್‌ಗ್ರಿಡ್: ಪೊಟ್ಟಣದ ಪಕ್ಕದ ಕಡತ

ಬಾಸ್ಟನ್ನಿನ ಸಾಫ್ಟ್ರಿಸಿಟಿ ಕಂಪನಿಯ ಸಾಫ್ಟ್‌ಗ್ರಿಡ್ ಈ ವಿಚಾರಕ್ಕೆ ಪೂರ್ಣ ರೂಪ ಕೊಟ್ಟ ಉತ್ಪನ್ನಗಳಲ್ಲಿ ಒಂದು. ಮೈಕ್ರೋಸಾಫ್ಟ್ 2006ರಲ್ಲಿ ಆ ಕಂಪನಿಯನ್ನು ಕೊಂಡು, 2008ರ 4.5ನೇ ಆವೃತ್ತಿಯ ಹೊತ್ತಿಗೆ ಉತ್ಪನ್ನಕ್ಕೆ ಆಪ್-ವಿ ಎಂಬ ಹೆಸರು ತಂದಿತು. ಇಲ್ಲಿ ಅಪ್ಲಿಕೇಶನ್ ಎಸ್‌ಎಫ್‌ಟಿ ಎಂಬ ಮುಚ್ಚಿದ ಕಡತದಲ್ಲಿ ಇರುತ್ತಿತ್ತು. ಅದನ್ನು ಹೇಗೆ ಓಡಿಸಬೇಕೆಂಬ ವಿವರ ಪಕ್ಕದ ಓಎಸ್‌ಡಿ ಕಡತದಲ್ಲಿ.

ಓಎಸ್‌ಡಿ ಸಾಫ್ಟ್ರಿಸಿಟಿಯ ಸ್ವಂತ ಕಲ್ಪನೆಯಲ್ಲ. ಮಾರಿಂಬಾ ಮತ್ತು ಮೈಕ್ರೋಸಾಫ್ಟ್ ಜೊತೆಗೂಡಿ 1997ರ ಆಗಸ್ಟ್‌ನಲ್ಲಿ ಡಬ್ಲ್ಯೂ3ಸಿ ಸಂಸ್ಥೆಯ ಮುಂದಿಟ್ಟ, ಎಕ್ಸ್‌ಎಂಎಲ್ ಆಧಾರಿತ ವಿವರಣಾ ಕ್ರಮ ಅದು. ಒಂದು ತಂತ್ರಾಂಶಕ್ಕೆ ಬೇರಾವ ಘಟಕಗಳು ಬೇಕೆಂದು ಪಟ್ಟಿ ಮಾಡಲು ಅದರಲ್ಲಿ ‘ಡಿಪೆಂಡೆನ್ಸಿ’ ಎಂಬ ಭಾಗವಿತ್ತು. ಸಾಫ್ಟ್‌ಗ್ರಿಡ್ ಅದೇ ಭಾಗದೊಳಗೆ ಸ್ಕ್ರಿಪ್ಟ್ ಬರೆಯಲು ಎಡೆ ಮಾಡಿತು. ಹೀಗೆ ಅಗತ್ಯಗಳ ಪಟ್ಟಿ ಕಾರ್ಯಗಳ ಪಟ್ಟಿಯೂ ಆಯಿತು.

ಪ್ರತಿ ಸ್ಕ್ರಿಪ್ಟ್‌ಗೂ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಿತ್ತು. ಯಾವಾಗ ಓಡಬೇಕು: ಅಪ್ಲಿಕೇಶನ್ ತೆರೆಯುವ ಮೊದಲೋ, ನಂತರವೋ, ಮುಚ್ಚಿದ ಮೇಲೋ? ಎಲ್ಲಿ ಓಡಬೇಕು: ವರ್ಚುವಲ್ ಪರಿಸರದ ಒಳಗೋ ಹೊರಗೋ? ಎರಡನೆಯದನ್ನು ‘ಪ್ರೊಟೆಕ್ಟ್’ ಎಂಬ ಗುಣ ನಿರ್ಧರಿಸುತ್ತಿತ್ತು. ಓಎಸ್‌ಡಿ ಬರಿಯ ಪಠ್ಯ ಕಡತವಾದ್ದರಿಂದ ನಿರ್ವಾಹಕ ನೋಟ್‌ಪ್ಯಾಡ್‌ನಲ್ಲೇ ತಿದ್ದಿಬಿಡಬಹುದಿತ್ತು. ಪೊಟ್ಟಣವನ್ನು ಮತ್ತೆ ಕಟ್ಟುವ ಗೋಜಿಲ್ಲ. ಸ್ಕ್ರಿಪ್ಟ್ ಹೊರಗಿದ್ದುದರಿಂದ ಕೊನೆಯ ಮಾತು ಕಚೇರಿಯದಾಗಿತ್ತು.

4. ಥಿನ್‌ಆಪ್: ಒಳಗೆ ಸೇರಿದ ಸ್ಕ್ರಿಪ್ಟ್

ವಿಎಂವೇರ್ 2008ರ ಜನವರಿಯಲ್ಲಿ ಥಿನ್‌ಸ್ಟಾಲ್ ಕಂಪನಿಯನ್ನು ಕೊಂಡಿತು. ಅದೇ ವರ್ಷ ಥಿನ್‌ಆಪ್ ಹೊರಬಂತು. ಇದರ ಹಾದಿ ತದ್ವಿರುದ್ಧ. ಆಪ್-ವಿಗೆ ಪ್ರತಿ ಯಂತ್ರದಲ್ಲೂ ಒಂದು ಕ್ಲೈಂಟ್ ತಂತ್ರಾಂಶ ಬೇಕಿತ್ತು. ಥಿನ್‌ಆಪ್ ಪೊಟ್ಟಣಕ್ಕೆ ಅಂಥದ್ದೇನೂ ಬೇಡ, ಪೆನ್‌ಡ್ರೈವ್‌ನಿಂದಲೂ ಓಡುತ್ತದೆ. ಹೊರಗಿನ ಕಡತ ಓದಿ ಹೇಳುವ ಮಧ್ಯವರ್ತಿಯೇ ಇಲ್ಲದ ಮೇಲೆ ಸ್ಕ್ರಿಪ್ಟ್ ಒಳಗೆ ಹೋಗಲೇಬೇಕಾಯಿತು.

ಪ್ಯಾಕೇಜ್ ಡಾಟ್ ಐಎನ್‌ಐ ಕಡತ ಇರುವ ಫೋಲ್ಡರಿನಲ್ಲೇ ವಿಬಿಸ್ಕ್ರಿಪ್ಟ್ ಕಡತ ಇಟ್ಟು ಪೊಟ್ಟಣ ಕಟ್ಟಿದರೆ ಅದು ಒಳಗೆ ಸೇರುತ್ತದೆ. ಸ್ಕ್ರಿಪ್ಟ್ ಓಡುವ ಗಳಿಗೆಗಳಿಗೆ ನಿಶ್ಚಿತ ಹೆಸರುಗಳಿವೆ: ಮೊದಲ ಪ್ರಕ್ರಿಯೆ ಶುರುವಾಗುವ ಮುನ್ನ ‘ಆನ್‌ಫಸ್ಟ್‌ಪೇರೆಂಟ್‌ಸ್ಟಾರ್ಟ್’, ಎಲ್ಲ ಪ್ರಕ್ರಿಯೆಗಳೂ ಮುಗಿದಾಗ ‘ಆನ್‌ಲಾಸ್ಟ್‌ಪ್ರೋಸೆಸ್‌ಎಕ್ಸಿಟ್’. ಇನ್ನೊಂದು ಪ್ರಕ್ರಿಯೆಯನ್ನು ವರ್ಚುವಲ್ ಪರಿಸರದ ಒಳಗೆ ಓಡಿಸಲು ಒಂದು ಆಜ್ಞೆ, ಹೊರಗೆ ಓಡಿಸಲು ಬೇರೊಂದು. ನಿಗದಿತ ದಿನಾಂಕದ ನಂತರ ಅಪ್ಲಿಕೇಶನ್ ತೆರೆಯದಂತೆ ಮಾಡುವುದು ಇದರ ಪ್ರಸಿದ್ಧ ಬಳಕೆ. ಪೊಟ್ಟಣ ಎಲ್ಲಿಗೆ ಹೋದರೂ ಆ ನಿಯಮ ಜೊತೆಗೇ ಹೋಗುತ್ತದೆ; ಬದಲಿಸಬೇಕೆಂದರೆ ಪೊಟ್ಟಣವನ್ನೇ ಮತ್ತೆ ಕಟ್ಟಬೇಕು. ಅಧಿಕಾರ ಇಲ್ಲಿ ಕಟ್ಟಿದವನದು.

5. ಆಪ್-ವಿ 5: ಎರಡು ಹೊರಕಡತಗಳು

2012ರ ಆಪ್-ವಿ 5.0 ಒಳಗಿನ ರಚನೆಯನ್ನೇ ಬದಲಿಸಿದರೂ ಸ್ಕ್ರಿಪ್ಟ್‌ಗಳನ್ನು ನಿರ್ವಾಹಕನ ಕೈಗೆಟಕುವ ಹೊರಗಿನ ಎಕ್ಸ್‌ಎಂಎಲ್ ಕಡತಗಳಲ್ಲೇ ಉಳಿಸಿಕೊಂಡಿತು. ಈಗ ಅವು ಎರಡು: ಯಂತ್ರಕ್ಕೆಲ್ಲ ಅನ್ವಯವಾಗುವ ಡಿಪ್ಲಾಯ್‌ಮೆಂಟ್ ಕಾನ್ಫಿಗ್, ಬಳಕೆದಾರರಿಗೆ ಮೀಸಲಾದ ಯೂಸರ್ ಕಾನ್ಫಿಗ್. ಪೊಟ್ಟಣವನ್ನು ಯಂತ್ರಕ್ಕೆ ಸೇರಿಸುವುದು, ಪ್ರಕಟಿಸುವುದು, ಪರಿಸರ ಏಳುವುದು, ಪ್ರಕ್ರಿಯೆ ಆರಂಭ, ಅಂತ್ಯ, ಕೊನೆಗೆ ಪೊಟ್ಟಣ ತೆಗೆಯುವುದು – ಪ್ರತಿ ಹಂತಕ್ಕೂ ಸ್ಕ್ರಿಪ್ಟ್ ಕಟ್ಟಬಹುದು. ಸೇರಿಸುವ ಮತ್ತು ತೆಗೆಯುವ ಹಂತದವು ಸಿಸ್ಟಮ್ ಅಧಿಕಾರದಲ್ಲಿ ಓಡುವುದರಿಂದ ಅವಕ್ಕೆ ಬಳಕೆದಾರರ ಕಡತದಲ್ಲಿ ಜಾಗವಿಲ್ಲ. ಒಂದು ಹಂತಕ್ಕೆ ಒಂದೇ ಸ್ಕ್ರಿಪ್ಟ್ ಎಂಬ ಮಿತಿ 2015ರ 5.1ರಲ್ಲಿ ಸ್ಕ್ರಿಪ್ಟ್‌ರನ್ನರ್ ಎಂಬ ಸಹಾಯಕದಿಂದ ಸಡಿಲವಾಯಿತು.

ಇದಕ್ಕಿಂತ ಗಮನಾರ್ಹವಾದದ್ದು ಇನ್ನೊಂದು. ಇಲ್ಲಿ ಸ್ಕ್ರಿಪ್ಟ್‌ಗಳು ಮೊದಲಿಗೆ ಓಡುವುದೇ ಇಲ್ಲ; ನಿರ್ವಾಹಕ ಪವರ್‌ಶೆಲ್ ಆಜ್ಞೆ ಕೊಟ್ಟೋ ಗ್ರೂಪ್ ಪಾಲಿಸಿಯ ಮೂಲಕವೋ ಅನುಮತಿಸಬೇಕು. ಹೊಂದಾಣಿಕೆಯ ಸಾಧನವಾಗಿದ್ದ ಸ್ಕ್ರಿಪ್ಟ್ ಈಗ ಭದ್ರತೆಯ ಪ್ರಶ್ನೆಯೂ ಆಗಿತ್ತು.

6. ಎಂಎಸ್‌ಐಎಕ್ಸ್: ಇಬ್ಭಾಗ

2018ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಎಂಎಸ್‌ಐಎಕ್ಸ್ ಪೊಟ್ಟಣಕ್ಕೆ ಡಿಜಿಟಲ್ ಸಹಿ ಕಡ್ಡಾಯ. ಒಳಗಿನ ಒಂದು ಅಕ್ಷರ ಬದಲಾದರೂ ಸಹಿ ಮುರಿಯುತ್ತದೆ. ಪ್ಯಾಕೇಜ್ ಸಪೋರ್ಟ್ ಫ್ರೇಮ್‌ವರ್ಕ್ ಎಂಬ ಜೊತೆ ಸಾಧನದಿಂದ ಅಪ್ಲಿಕೇಶನ್‌ಗೆ ಮೊದಲೂ ನಂತರವೂ ಪವರ್‌ಶೆಲ್ ಸ್ಕ್ರಿಪ್ಟ್ ಓಡಿಸಬಹುದು. ಆದರೆ ಆ ಸ್ಕ್ರಿಪ್ಟ್ ಪೊಟ್ಟಣದೊಳಗೇ, ಸಹಿಯ ಕೆಳಗೇ ಇರಬೇಕು. ಕಚೇರಿಯ ಸೆಟ್ಟಿಂಗ್‌ಗಳಿಗೆಂದು ‘ಮಾಡಿಫಿಕೇಶನ್ ಪ್ಯಾಕೇಜ್’ ಎಂಬ ಪ್ರತ್ಯೇಕ ಪೊಟ್ಟಣ ಬಂತು. ಅದು ಕಡತಗಳನ್ನೂ ರಿಜಿಸ್ಟ್ರಿ ನಮೂದುಗಳನ್ನೂ ಮೂಲದ ಮೇಲೆ ಹೊದಿಸುತ್ತದೆ. ಹೊಂದಾಣಿಕೆ ಇಲ್ಲಿ ಎರಡಾಗಿ ಒಡೆದಿದೆ: ಕ್ರಿಯೆ ಒಳಗೆ, ಆಯ್ಕೆ ಹೊರಗೆ.

7. ಉಪಸಂಹಾರ

ಈ ಚರಿತ್ರೆ ಒಂದೇ ದಿಕ್ಕಿನ ಪ್ರಗತಿಯಲ್ಲ. ಯಂತ್ರದಲ್ಲಿ ನಂಬಿಕಸ್ಥ ಕ್ಲೈಂಟ್ ಇದ್ದಾಗ ಸ್ಕ್ರಿಪ್ಟ್ ಹೊರಗಿದೆ. ಕ್ಲೈಂಟ್ ಇಲ್ಲದಾಗ, ಅಥವಾ ಸಹಿಗೇ ನಂಬಿಕೆಯ ಭಾರ ಬಿದ್ದಾಗ, ಒಳಗೆ ಸರಿದಿದೆ. ಎರಡಕ್ಕೂ ಬೆಲೆಯಿದೆ. ಹೊರಗಿನ ಸ್ಕ್ರಿಪ್ಟ್ ತಿದ್ದಲು ಸುಲಭ, ಕಿಡಿಗೇಡಿಗಳಿಗೂ ಅಷ್ಟೇ ಸುಲಭ. ಒಳಗಿನದು ಭದ್ರ, ಆದರೆ ತನ್ನ ಭಾಷೆಯ ಆಯುಸ್ಸಿಗೆ ಕಟ್ಟುಬಿದ್ದದ್ದು. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ವಿಬಿಸ್ಕ್ರಿಪ್ಟ್ ಅನ್ನು ಕೈಬಿಡುವ ಪಟ್ಟಿಗೆ ಸೇರಿಸಿದ್ದು ಇದಕ್ಕೆ ನಿದರ್ಶನ. ಹಳೆಯ ಅಪ್ಲಿಕೇಶನ್ ಉಳಿಸಲೆಂದು ಕಟ್ಟಿದ ಪೊಟ್ಟಣದಲ್ಲಿ ಮೊದಲು ಹಳತಾಗುವುದು ಅದರೊಳಗಿನ ಸ್ಕ್ರಿಪ್ಟೇ ಆಗಬಹುದು. ಹಾಗಾಗಿ ಪೊಟ್ಟಣ ಕಾಪಿಡುವವರು ಅದನ್ನು ಕಟ್ಟಿದ ಮೂಲ ಪ್ರಾಜೆಕ್ಟ್ ಕಡತಗಳನ್ನೂ ಅಷ್ಟೇ ಜೋಪಾನವಾಗಿ ಇಡಬೇಕಾಗುತ್ತದೆ.