ಕಲ್ಯಾಣದಲ್ಲಿ ಎರಡು ಒಂಟಿ ಜೀವಗಳು

ಶೂನ್ಯಸಂಪಾದನೆಯನ್ನು ಒಮ್ಮೆ ಓದಿದವರು ಮರೆಯಲಾರದ ಪ್ರಸಂಗವೊಂದಿದೆ. ಉಡುತಡಿಯನ್ನೂ ಕೌಶಿಕನ ಅರಮನೆಯನ್ನೂ ಬಿಟ್ಟು, ಉಟ್ಟ ಬಟ್ಟೆಯನ್ನೂ ತೊರೆದು, ಕೂದಲನ್ನೇ ಹೊದ್ದುಕೊಂಡು ಬಂದ ಅಕ್ಕಮಹಾದೇವಿ ಕಲ್ಯಾಣದ ಅನುಭವ ಮಂಟಪದಲ್ಲಿ ನಿಂತಿದ್ದಾಳೆ. ಊರ ಹೊರಗೆ ಕಿನ್ನರಿ ಬೊಮ್ಮಯ್ಯನ ಪರೀಕ್ಷೆ ಆಗಲೇ ಮುಗಿದಿದೆ. ಈಗ ಎದುರಿಗೆ ಅಲ್ಲಮಪ್ರಭು. ದಣಿದು ಬಂದವಳಿಗೆ ಆತ ಒಂದು ಮಾತಿನ ಉಪಚಾರವನ್ನೂ ಮಾಡುವುದಿಲ್ಲ. ನಿನ್ನ ಗಂಡನಾರು ಎಂದು ಕೇಳುತ್ತಾನೆ. ಉತ್ತರ ಸರಿಬಂದರೆ ಮಾತ್ರ ಕುಳಿತುಕೊಳ್ಳುವ ಅವಕಾಶ.

ನಾನು ಹುಮನಾಬಾದಿನಲ್ಲಿ ಕನ್ನಡ ಕಲಿಸುವವಳು, ಮನೆ ಬಸವಕಲ್ಯಾಣ. ಒಂಬತ್ತನೆಯ ಇಯತ್ತೆಯ ಹುಡುಗಿಯರಿಗೆ ಈ ಕಥೆ ಹೇಳುತ್ತಿದ್ದಾಗ ಒಬ್ಬಳು ಎದ್ದು, “ಟೀಚರ್, ಗಂಡಸರು ಬಂದಾಗ ನಿನ್ನ ಹೆಂಡತಿ ಯಾರು ಅಂತ ಯಾರೂ ಕೇಳಂಗಿಲ್ಲಲ್ರಿ? ಅಕ್ಕಗೇ ಯಾಕ್ ಕೇಳ್ಯಾರ್ರಿ?” ಎಂದಳು. ತೇಲಿಸಿ ಬಿಡುವಂಥ ಪ್ರಶ್ನೆಯಲ್ಲ ಅದು. ಉತ್ತರ ಹುಡುಕಬೇಕಾದರೆ ಈ ಪ್ರಸಂಗ ನಮ್ಮ ಕೈಗೆ ಬಂದ ದಾರಿಯನ್ನು ನೋಡಬೇಕು.

ನಮ್ಮೂರಿನಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಪರವೂರಿನಿಂದ ಬಂದವರು ಅಕ್ಕ ನಿಂತದ್ದು ಎಲ್ಲಿ ಎಂದು ಕೇಳುವುದುಂಟು. ಬೆರಳು ಮಾಡಿ ತೋರಿಸುವುದು ಸುಲಭ; ಚರಿತ್ರೆ ಅಷ್ಟು ಸುಲಭವಲ್ಲ. ಶರಣರು ಬದುಕಿದ್ದು 12ನೆಯ ಶತಮಾನದಲ್ಲಿ. ಅವರ ನಂತರ ಬಹಳ ಕಾಲ ಕಳೆಯುವ ಮುನ್ನವೇ ಬರೆದ ಹರಿಹರ ತನ್ನ ಮಹಾದೇವಿಯಕ್ಕನ ರಗಳೆಯಲ್ಲಿ ಆಕೆಯನ್ನು ನೇರ ಶ್ರೀಶೈಲಕ್ಕೆ ಕಳಿಸುತ್ತಾನೆ. ಕಲ್ಯಾಣದ ಈ ಸಭೆ ಅಲ್ಲಿಲ್ಲ. ಇಬ್ಬರನ್ನೂ ಹೀಗೆ ಎದುರುಬದುರು ನಿಲ್ಲಿಸಿ ಮಾತಾಡಿಸಿದ್ದು 15ನೆಯ ಶತಮಾನದ ಸಂಕಲನಕಾರರು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಶೂನ್ಯಸಂಪಾದನೆಯನ್ನು ಕಟ್ಟಿದ. ಬಳಿಕ ಬೇರೆಯವರು ಅದನ್ನು ತಿದ್ದಿ ಬೆಳೆಸಿದರು. ಗೂಳೂರು ಸಿದ್ಧವೀರಣ್ಣೊಡೆಯನ ಪಾಠ ಇಂದು ಹೆಚ್ಚು ಬಳಕೆಯಲ್ಲಿದೆ. ಅವರು ಮಾಡಿದ್ದೇನು? ಓಲೆಗರಿಗಳಲ್ಲಿ ಬಿಡಿಬಿಡಿಯಾಗಿದ್ದ ವಚನಗಳನ್ನು ಆಯ್ದು, ಒಂದನ್ನು ಪ್ರಶ್ನೆಯಾಗಿ, ಇನ್ನೊಂದನ್ನು ಉತ್ತರವಾಗಿ ಜೋಡಿಸಿದರು. ಆದ್ದರಿಂದ ಇದನ್ನು ಆ ದಿನದ ಸಭೆಯ ನಡಾವಳಿ ಎಂದು ಓದಬಾರದು. ಸುಮಾರು ಎರಡೂವರೆ ಶತಮಾನದ ಅನಂತರ ಕೆಲವರು ಆ ವಚನಗಳನ್ನು ಅರ್ಥಮಾಡಿಕೊಂಡ ರೀತಿ ಇದು.

ಹಾಗೆಂದು ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ಯಾರನ್ನು ಯಾರೆದುರು ನಿಲ್ಲಿಸಬೇಕೆಂಬುದು ಆ ಸಂಕಲನಕಾರನಿಗೆ ಚೆನ್ನಾಗಿ ತಿಳಿದಿತ್ತು. ಹರಿಹರನ ಪ್ರಭುದೇವರ ರಗಳೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಅಲ್ಲಿ ಅಲ್ಲಮ ಬಳ್ಳಿಗಾವೆಯವನು. ಪ್ರೀತಿಸಿ ಕೈಹಿಡಿದ ಕಮಲತೆ ಜ್ವರದಿಂದ ತೀರಿಕೊಂಡು, ಮರುಳನಂತೆ ಅಲೆದವನು. ಉಡುತಡಿ, ಬಳ್ಳಿಗಾವೆ ಎರಡೂ ಇಂದಿನ ಶಿಕಾರಿಪುರ ತಾಲ್ಲೂಕಿನವು. ಒಂದೇ ಸೀಮೆಯ ಇಬ್ಬರು, ಅಲ್ಲಿಂದ ನಾನೂರು ಕಿಲೋಮೀಟರಿಗೂ ಮಿಕ್ಕಿದ ದೂರದ ನಮ್ಮ ಬಿಸಿಲ ನಾಡಿನಲ್ಲಿ ಎದುರಾಗುತ್ತಾರೆ. ಒಬ್ಬನಿಗೆ ಸಂಗಾತಿಯನ್ನು ಸಾವು ಕಿತ್ತುಕೊಂಡಿದೆ. ಇನ್ನೊಬ್ಬಳು ತಾನಾಗಿ ಒಲ್ಲದ ಗಂಡನನ್ನು ಬಿಟ್ಟು ಬಂದಿದ್ದಾಳೆ. ‘ನಿನ್ನ ಗಂಡನಾರು’ ಎಂದು ಕೇಳುವವನೇ ಒಂಟಿ ಎಂದು ತಿಳಿದು ಓದಿದರೆ ಆ ಮಾತಿನ ದನಿಯೇ ಬೇರೆ. ಅಧಿಕಾರದ ಗತ್ತಿಗಿಂತ, ಈ ದಾರಿಯ ಬಿಸಿಲನ್ನು ತಾನೂ ಕಂಡವನ ಕಾಠಿಣ್ಯ ಅದರಲ್ಲಿ ನನಗೆ ಕೇಳಿಸುತ್ತದೆ.

ಅಕ್ಕ ಅಳುಕುವುದಿಲ್ಲ. ತನ್ನ ಗಂಡ ಚೆನ್ನಮಲ್ಲಿಕಾರ್ಜುನ, ಲೋಕದ ಗಂಡಂದಿರ ನಂಟು ತನಗಿಲ್ಲ ಎಂಬುದು ಆಕೆಯ ನಿಲುವು. ಆಗ ಅಲ್ಲಮ ಇನ್ನೂ ಹರಿತವಾದ ಪ್ರಶ್ನೆ ಹಾಕುತ್ತಾನೆ: ದೇಹದ ಹಂಗು ಬಿಟ್ಟಿದ್ದರೆ ಕೂದಲಿನಿಂದ ಮೈ ಮುಚ್ಚಿಕೊಂಡಿದ್ದೇಕೆ?

ನೆರೆದ ಗಂಡಸರ ನಡುವೆ ಹೆಣ್ಣಿಗೆ ಕೇಳಿದ ಮಾತು ಇದು. ನನ್ನ ವಿದ್ಯಾರ್ಥಿನಿಯ ಸಿಟ್ಟು ಇಲ್ಲಿ ನ್ಯಾಯವೇ. ಆದರೆ ಅಕ್ಕನ ಉತ್ತರ ಏನು ಮಾಡುತ್ತದೆ ಗಮನಿಸಬೇಕು. ಹಣ್ಣು ಒಳಗಿನಿಂದ ಮಾಗುವ ಹೋಲಿಕೆ ಕೊಟ್ಟು, ತನ್ನ ಮೈ ಕಂಡರೆ ನಿಮಗೇ ನೋವಾದೀತೆಂದು ಮುಚ್ಚಿದೆ ಎಂಬ ಅರ್ಥದಲ್ಲಿ ನುಡಿಯುತ್ತಾಳೆ. ಅಂದರೆ ನಾಚಿಕೆ ಆಕೆಯದಲ್ಲ, ನೋಡುವ ಕಣ್ಣಿನದು! ಅಷ್ಟು ಹೊತ್ತು ಪರೀಕ್ಷೆಗೆ ಒಳಗಾಗಿ ನಿಂತವಳು ಈಗ ಸಭೆಯನ್ನೇ ಕಾಪಾಡುವವಳಾಗುತ್ತಾಳೆ. ಅಲ್ಲಮ ಅಲ್ಲಿಗೇ ಬಿಡುವವನಲ್ಲ, ಪ್ರಶ್ನೆಗಳು ಮುಂದುವರಿಯುತ್ತವೆ. ಆದರೂ ಸಂವಾದ ತಿರುಗಿದ್ದು ಇಲ್ಲೇ. ಹುಡುಗಿಯರಿಗೆ ನಾನು ಹೇಳಿದ್ದೂ ಇಷ್ಟೇ: ಪ್ರಶ್ನೆ ಸಮನಾಗಿರಲಿಲ್ಲ, ಉತ್ತರ ಕೊಟ್ಟ ಮೇಲೆ ಸಮನಾಯಿತು.

ಕೊನೆಗೆ ಅಲ್ಲಮ, ಬಸವಣ್ಣ, ಚೆನ್ನಬಸವಣ್ಣ ಎಲ್ಲರೂ ಆಕೆಯ ನಿಲುವನ್ನು ಒಪ್ಪಿ ಕೊಂಡಾಡುತ್ತಾರೆ. ನಮ್ಮ ಸಿನಿಮಾದವರಾದರೆ ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದರು. ಶೂನ್ಯಸಂಪಾದನೆ ಹಾಗೆ ಮಾಡುವುದಿಲ್ಲ. ಇಷ್ಟೆಲ್ಲ ಪರೀಕ್ಷೆ ಕೊಟ್ಟು ಗಳಿಸಿದ ಸ್ಥಾನದಲ್ಲಿ ಅಕ್ಕ ಉಳಿಯುವುದಿಲ್ಲ. ಶ್ರೀಶೈಲದ ಕದಳಿಯತ್ತ ಮತ್ತೆ ಒಬ್ಬಳೇ ಹೊರಡುತ್ತಾಳೆ. ಯಾರೂ ತಡೆಯುವುದಿಲ್ಲ, ಅಲ್ಲಮನಂತೂ ತಾನೇ ದಾರಿ ತೋರಿ ಕಳಿಸುತ್ತಾನೆ. ಮುಂದೆ ಆತನ ಕೊನೆಯ ಪಯಣವೂ ಅದೇ ಕದಳಿಗೆ ಎಂದು ಪರಂಪರೆ ಹೇಳುತ್ತದೆ.