ಫೋಟೋದ ಅಂಚಿನಲ್ಲಿ ನಿಂತವನ ಹೆಸರು

ಇವತ್ತಿನ ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಹೋದ ತಿಂಗಳು ಬ್ಯಾಡಗಿ ತಾಲ್ಲೂಕಿನ ಒಂದು ಕೇರಿಗೆ ಹೋಗಿದ್ದೆ. ಸ್ಮಶಾನದ ಜಾಗಕ್ಕೆ ಕೊಡಬೇಕಿದ್ದ ಅರ್ಜಿಗೆ ಸಹಿ ಹಾಕಿಸುವ ಕೆಲಸ. ಎಲ್ಲ ಮುಗಿದ ಮೇಲೆ ಒಬ್ಬ ಅಜ್ಜಿ, ವಯಸ್ಸು ಎಂಬತ್ತು ದಾಟಿರಬೇಕು, ಒಳಗೆ ಕರೆದು ತಗಡಿನ ಟ್ರಂಕು ತೆಗೆದರು. ತಳದಲ್ಲಿ, ಹಳೇ ಸೀರೆಯಲ್ಲಿ ಸುತ್ತಿಟ್ಟ ಒಂದು ಫೋಟೋ. ದಪ್ಪ ರಟ್ಟಿಗೆ ಅಂಟಿಸಿದ್ದು. ಮುಂದಿನ ಸಾಲಿನಲ್ಲಿ ಕುರ್ಚಿ ಮೇಲೆ ಸಾಹೇಬರು, ಹಿಂದೆ ಮೂರು ಸಾಲು ಸಿಪಾಯಿಗಳು. ಎಡಗಡೆಯ ಅಂಚಿನಲ್ಲಿ, ಯಾವ ಸಾಲಿಗೂ ಸೇರದ ಹಾಗೆ, ಒಬ್ಬ ತೆಳ್ಳನೆಯ ಮನುಷ್ಯ. ಅವನ ಅರ್ಧ ತೋಳು ಫೋಟೋದಿಂದ ಹೊರಗೇ ಉಳಿದಿದೆ.

"ಇವ ನಮ್ಮಪ್ಪ. ಪಲ್ಟನ್ ಕೂಡ ಬೂಟು ಹೊಲಿಯಾಕ ಹೋಗಿದ್ದ. ಹಡಗದಾಗ ಹೋದಾಂವ ನಾಕು ವರ್ಷ ಬರಲೇ ಇಲ್ಲ."

"ಯಾವ ದೇಶಕ್ಕ ಹೋಗಿದ್ರು ಯವ್ವಾ?"

"ಯಾರಿಗ್ ಗೊತ್ತೋ ತಮ್ಮಾ. ಬಾಳ ಥಂಡಿ ಇತ್ತು ಅಂತಿದ್ದ."

ರಟ್ಟಿನ ಕೆಳಗೆ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಹೆಸರು ಅಚ್ಚು ಹಾಕಿದ್ದರು. ಕುಳಿತವರು, ನಿಂತವರು, ಎಡದಿಂದ ಬಲಕ್ಕೆ. ಬೆರಳಿಟ್ಟು ಎಣಿಸಿದೆ. ಸಾಲಿನಲ್ಲಿದ್ದವರಿಗೆಲ್ಲ ಹೆಸರಿದೆ. ಅಜ್ಜಿಯ ಅಪ್ಪನಿಗೆ ಇಲ್ಲ. ಸ್ಟುಡಿಯೋದ ಹೆಸರಿದ್ದ ಮೂಲೆಯನ್ನು ಹುಳ ತಿಂದುಬಿಟ್ಟಿದೆ.

ಆ ಅರ್ಧ ತೋಳು ಎಷ್ಟು ದಿನ ಆದರೂ ತಲೆಯಿಂದ ಹೋಗಲಿಲ್ಲ. ಫೋಟೋ ತೆಗೆದವನಿಗೆ ಅಂಚಿನಲ್ಲಿದ್ದವನು ಕಾಣಲಿಲ್ಲವಾ? ಕಂಡರೂ ಹೆಸರು ಕೇಳಬೇಕು ಅನಿಸಲಿಲ್ಲವಾ? ಹಾಗಾಗಿ ಯುದ್ಧಭೂಮಿಯಲ್ಲಿ ಫೋಟೋ ತೆಗೆಯುತ್ತಿದ್ದವರ ದಿನ ಹೇಗೆ ಕಳೀತಿತ್ತು ಅಂತ ಹುಡುಕಿ ಓದೋಕೆ ಶುರು ಮಾಡಿದೆ. 'ಬಿಳಿ ಸಾರ್ಜೆಂಟನ ಕತೆ ನಮಗ್ಯಾಕೆ' ಅಂತ ಕೇಳಬೇಡಿ. ಪಲ್ಟನ್ ಜೊತೆ ಕಡಲು ದಾಟಿ ಹೋದ ನಮ್ಮ ಜನರ ಮುಖ ಇವತ್ತು ಸಿಗೋದಾದರೆ ಬಹುಪಾಲು ಅಂಥವನ ಕ್ಯಾಮೆರಾದಲ್ಲೇ ಸಿಗಬೇಕು.

ಬ್ರಿಟಿಷ್ ಸೈನ್ಯ ಸಿನಿಮಾ ಮತ್ತು ಫೋಟೋಗಾಗಿಯೇ ಒಂದು ಪ್ರತ್ಯೇಕ ದಳ ಕಟ್ಟಿದ್ದು 1941ರ ಅಕ್ಟೋಬರಿನಲ್ಲಿ. ತರಬೇತಿ ಕೊಟ್ಟಿದ್ದು ಲಂಡನ್ ಹತ್ತಿರದ ಪೈನ್‌ವುಡ್ ಸಿನಿಮಾ ಸ್ಟುಡಿಯೋದಲ್ಲಿ. ತಮಾಷೆ ನೋಡಿ, ಅದೇ 1941ರ ಅಕ್ಟೋಬರಿನಲ್ಲಿ ಇಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಕಟ್ಟಿದರು. ಅದಕ್ಕೆ ಎಷ್ಟು ವರ್ಷದ ಜಗ್ಗಾಟ ಇತ್ತು ಅನ್ನೋದು ನಿಮಗೆ ಗೊತ್ತೇ ಇದೆ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರ್, ಸೈನ್ಯದ ಶಾಲೆಯಲ್ಲಿ ಮೇಷ್ಟ್ರು. ಬಾಬಾಸಾಹೇಬರು ಹುಟ್ಟಿದ್ದೇ ಮಹೂ ದಂಡಿನಲ್ಲಿ. ಅವರಿನ್ನೂ ಕೂಸಾಗಿದ್ದಾಗಲೇ, 1890ರ ದಶಕದ ಮೊದಲಲ್ಲಿ, 'ಇವರು ವೀರ ಜಾತಿಯವರಲ್ಲ' ಅಂತ ಮಹಾರರ ಭರ್ತಿ ನಿಲ್ಲಿಸಿದರು. ಮೊದಲ ಮಹಾಯುದ್ಧದಲ್ಲಿ ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ್ಸ್ ಅಂತ ಕಟ್ಟಿದರು, 1921ರಲ್ಲಿ ಮತ್ತೆ ಮುಚ್ಚಿದರು. ಬೇಕಾದಾಗ ಕರಿಯೋದು, ಬ್ಯಾಡಾದಾಗ ಮನೆಗೆ ಅಟ್ಟೋದು. 1941ರಲ್ಲಿ ಬಾಬಾಸಾಹೇಬರು ವೈಸರಾಯ್‌ನ ರಕ್ಷಣಾ ಸಲಹಾ ಸಮಿತಿಯಲ್ಲಿ ಕೂತು ಒತ್ತಾಯ ಮಾಡಿದ ಮೇಲೆ ಬೆಳಗಾವಿಯ ಬಾಗಿಲು ತೆಗೀತು. ಆಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ಹರಿಹರ–ಹುಬ್ಬಳ್ಳಿ ಮಾರ್ಗದಲ್ಲಿ ಮೂರೂ ಊರಿಗೆ ಸ್ಟೇಷನ್. ರೈಲು ಹತ್ತಿದರೆ ಹುಬ್ಬಳ್ಳಿ, ಅಲ್ಲಿಂದ ಮುಂದೆ ಬೆಳಗಾವಿ.

ಈಗ ಆ ಫೋಟೋದವನ ದಿನಚರಿಗೆ ಬರ್ತೀನಿ. 1943ರ ಸೆಪ್ಟೆಂಬರಿನಲ್ಲಿ 8ನೇ ಭಾರತೀಯ ಡಿವಿಜನ್ ಇಟಲಿಯ ಟಾರಾಂಟೋ ಬಂದರಿನಲ್ಲಿ ಇಳೀತು. ಬೆಳಗಾವಿ ಕೇಂದ್ರದ ಮರಾಠಾ ಲೈಟ್ ಇನ್‌ಫೆಂಟ್ರಿಯವರೂ ಅದರಲ್ಲಿದ್ದರು. ಇಂಥ ಡಿವಿಜನ್ನುಗಳ ಹಿಂದೆಯೇ ಕ್ಯಾಮೆರಾದವರು ಓಡಾಡುತ್ತಿದ್ದರು. ಸಾಮಾನ್ಯವಾಗಿ ಇಬ್ಬಿಬ್ಬರ ಜೋಡಿ, ಒಬ್ಬ ಫೋಟೋ ತೆಗೆಯುವವನು, ಇನ್ನೊಬ್ಬ ಸಿನಿಮಾ ತೆಗೆಯುವವನು, ಜೊತೆಗೊಂದು ಜೀಪು. ದೊಡ್ಡ ಅಧಿಕಾರಿಗಳೇನಲ್ಲ, ಹೆಚ್ಚಿನವರು ಸಾರ್ಜೆಂಟ್‌ಗಳು. ಸೊಂಟದಲ್ಲಿ ಒಂದು ಪಿಸ್ತೂಲು ಬಿಟ್ಟರೆ ಹತಾರ ಇಲ್ಲ. ಫೋಟೋದವನ ಕೈಯಲ್ಲಿ ಹೆಚ್ಚಾಗಿ ಇರುತ್ತಿದ್ದುದು ಸೂಪರ್ ಐಕೋಂಟಾ ಅನ್ನೋ ಮಡಿಚುವ ಕ್ಯಾಮೆರಾ. ಅದು ಜರ್ಮನಿಯ ಜೈಸ್ ಕಂಪನಿ ಮಾಲು! ಜರ್ಮನರ ಮೇಲಿನ ಯುದ್ಧವನ್ನು ಜರ್ಮನರ ಕ್ಯಾಮೆರಾದಲ್ಲೇ ತೆಗೆದರು. ಒಂದು ರೋಲಿಗೆ ಹತ್ತು-ಹನ್ನೆರಡು ಚಿತ್ರ. ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್ ಅದಕ್ಕಿರಲಿಲ್ಲ. ಸಿಪಾಯಿಯ ಮುಖ ಬೇಕಾದರೆ ಸಿಪಾಯಿ ಎಲ್ಲಿದ್ದಾನೋ ಅಲ್ಲಿಗೇ ಹೋಗಬೇಕು. ಸಿನಿಮಾದವನದು ಇನ್ನೂ ಪಜೀತಿ. ನೂರು ಅಡಿ ರೀಲು ಅಂದರೆ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟರಲ್ಲಿ ಯುದ್ಧ ಹಿಡೀಬೇಕು.

ದಿನದ ಬಹುಪಾಲು ಯುದ್ಧವೇ ಇರುತ್ತಿರಲಿಲ್ಲ. ಕಾಯೋದು. ಬೆಳಕಿಗೆ ಕಾಯೋದು, ರಸ್ತೆ ತೆರವಾಗಲಿ ಅಂತ ಕಾಯೋದು. ಆ ಚಳಿಗಾಲದಲ್ಲಿ ಸಾಂಗ್ರೋ ನದಿಯ ದಂಡೆಯಲ್ಲಿ ಮೊಣಕಾಲುದ್ದ ಕೆಸರು, ಸಂಜೆಗೆ ಬೇಗನೇ ಕತ್ತಲು. ದಾಳಿ ಹೆಚ್ಚಾಗಿ ರಾತ್ರಿ ಆಗ್ತಿತ್ತು, ಕತ್ತಲಲ್ಲಿ ಆ ಕ್ಯಾಮೆರಾಕ್ಕೆ ಏನೂ ಕಾಣ್ತಿರಲಿಲ್ಲ. ಹಾಗಾಗಿ ಅವನು ತೆಗೆದದ್ದೆಲ್ಲ ಯುದ್ಧದ ಮುಂಚಿನ ಮತ್ತು ನಂತರದ ಬದುಕು: ಹೇಸರಗತ್ತೆ ಹೊಡೆಯೋರು, ಸೇತುವೆ ಕಟ್ಟೋರು, ಗಾಯಾಳು, ಕಾಗದ ಓದಿಸಿಕೊಳ್ಳುತ್ತಾ ಕೂತವನು, ಚಪಾತಿ ಸುಡೋರು. ಚಪಾತಿ ಚಿತ್ರಗಳಂತೂ ಎರಡೂ ಮಹಾಯುದ್ಧದಲ್ಲಿ ಸಾಕಾಗುವಷ್ಟಿವೆ. ಬಿಳಿಯರಿಗೆ ಅದೊಂದು ಸೋಜಿಗ.

ರೋಲು ಮುಗಿದ ಮೇಲೆ ಇನ್ನೊಂದು ಕೆಲಸ. ನನ್ನ ಮಟ್ಟಿಗೆ ಇಡೀ ಕತೆಯ ಗಂಟು ಇಲ್ಲೇ ಇದೆ. ಪ್ರತಿ ರೋಲಿನ ಜೊತೆ ಒಂದು ಚೀಟಿ ಬರೀಬೇಕಿತ್ತು, ಅವರ ಭಾಷೆಯಲ್ಲಿ ಡೋಪ್ ಶೀಟ್. ತಾರೀಖು, ಜಾಗ, ಏನು ನಡೀತಿದೆ, ಯಾವ ಪಲ್ಟನ್, ಚಿತ್ರದಲ್ಲಿರುವವರ ಹುದ್ದೆ, ಹೆಸರು, ಊರು. ಊರು ಯಾಕೆ ಅಂದರೆ, ಆ ಊರಿನ ಪತ್ರಿಕೆಯಲ್ಲಿ 'ನಮ್ಮ ಹುಡುಗ' ಅಂತ ಹಾಕೋಕೆ. ಗುಂಡು ಹಾರುವ ಕಡೆ, ಒದ್ದೆ ಕೈಯಲ್ಲಿ ಪೆನ್ಸಿಲ್ ಹಿಡಿದು, 'ನಿನ್ನ ಹೆಸರೇನು' ಅಂತ ಕೇಳಿ ಬರ್ಕೋಬೇಕು. ಆಮೇಲೆ ರೋಲು, ಚೀಟಿ ಎರಡೂ ಮೋಟಾರ್ ಸೈಕಲ್ಲಿನವನ ಕೈಗೆ ಹೋಗಿ, ಹೆಡ್‌ಕ್ವಾರ್ಟರಿನಿಂದ ಲಂಡನ್ನಿಗೆ. ತೊಳೆಯೋದು ಬೇರೆಯವರು, ಬೇಡ ಅಂತ ಕತ್ತರಿಸೋದು ಸೆನ್ಸಾರಿನವರು. ತಾನು ತೆಗೆದದ್ದು ಹೇಗೆ ಬಂತು ಅಂತ ತೆಗೆದವನಿಗೇ ತಿಂಗಳುಗಟ್ಟಲೆ ಗೊತ್ತಾಗುತ್ತಿರಲಿಲ್ಲ.

ಆ ಫೋಟೋಗಳು ಇವತ್ತು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿವೆ, ಸಾಕಷ್ಟನ್ನು ಅಂತರ್ಜಾಲದಲ್ಲೂ ನೋಡಬಹುದು. ಕೆಳಗೆ ಓದುತ್ತಾ ಹೋದರೆ ಕೆಲವು ಕಡೆ ನಾಯಕ್ ಇಂಥವನು, ಇಂಥ ಜಿಲ್ಲೆಯವನು ಅಂತ ಚಂದಾಗಿ ಬರೆದಿರ್ತಾರೆ. ಹೆಸರು ಉಳಿದವರಿಗೆ ಎಷ್ಟು ದೊಡ್ಡ ಬೆಲೆ ಬರುತ್ತೆ ನೋಡಿ: 1944ರ ಜುಲೈನಲ್ಲಿ ಇಟಲಿಯ ಟೈಬರ್ ಕಣಿವೆಯಲ್ಲಿ ಸತ್ತು ವಿಕ್ಟೋರಿಯಾ ಕ್ರಾಸ್ ಪಡೆದ ಮರಾಠಾ ಪಲ್ಟನ್ನಿನ ಯಶವಂತ ಘಾಡಗೆಗೆ ಅಲ್ಲಿನ ಮೊಂಟೋನೆ ಊರಿನವರು 2023ರಲ್ಲಿ ಸ್ಮಾರಕ ಕಟ್ಟಿದರು. ಆದರೆ ಅಡುಗೆಯವನು, ಕಸ ಗುಡಿಸುವವನು, ನೀರು ಹೊರುವವನು, ಬೂಟು ಹೊಲಿಯುವವನು ಚಿತ್ರದಲ್ಲಿ ಬಂದರೆ, ಬರೀ 'ಭಾರತೀಯ ಸೈನ್ಯದ ಅಡುಗೆಯವ'. ಎಷ್ಟೋ ಸಲ ಅಷ್ಟೂ ಇಲ್ಲ. ಚೀಟಿಯಲ್ಲಿ ಹೆಸರಿಗೆ ಜಾಗ ಇತ್ತು. ಕೇಳುವ ಮನಸ್ಸು ಎಲ್ಲರ ಹತ್ತಿರ ಒಂದೇ ಇರಲಿಲ್ಲ.

ಇದನ್ನು ಫೋಟೋದವನೊಬ್ಬನ ತಪ್ಪು ಅಂದುಬಿಟ್ಟರೆ ಸುಲಭ. ಆದರೆ ಸೈನ್ಯವೇ ಅವರನ್ನು ಬೇರೆ ಪಟ್ಟಿಯಲ್ಲಿ ಇಟ್ಟಿತ್ತು. 'ಫಾಲೋವರ್', ಅಂದರೆ ಹಿಂದೆ ಬರೋರು. ಅದರೊಳಗೂ ಮೇಲಿನವರು, ಕೀಳು ಕೆಲಸದವರು ಅಂತ ಭಾಗ. ಸಂಬಳ ಕಡಿಮೆ, ಬಟ್ಟೆ ಬೇರೆ. ಯಾರೋ ನಾಲ್ಕು ಜನ ಅಂದ್ಕೋಬೇಡಿ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಭರ್ತಿಯಾದ ಸುಮಾರು 14 ಲಕ್ಷ ಜನರಲ್ಲಿ 5.5 ಲಕ್ಷಕ್ಕೂ ಹೆಚ್ಚು ಮಂದಿ ಇಂಥವರು, ಕೂಲಿಗಳೂ ಸೇರಿ. ಇತಿಹಾಸಕಾರ್ತಿ ರಾಧಿಕಾ ಸಿಂಘಾ ಅವರ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಪಲ್ಟನ್ನುಗಳನ್ನೂ ಜಾತಿ ನೋಡಿಯೇ ಕಟ್ಟುತ್ತಿದ್ದರು: ಮರಾಠಾ, ಮಹಾರ್, ಲಿಂಗಾಯತ ಬಟಾಲಿಯನ್, 1943ರಲ್ಲಿ ಕಟ್ಟಿ 1946ರಲ್ಲಿ ಮುಚ್ಚಿದ ಚಮಾರ್ ರೆಜಿಮೆಂಟ್. ಊರಲ್ಲಿ ಕೇರಿ ಇದ್ದಂಗೆ ದಂಡಿನಲ್ಲೂ ಕೇರಿ.

ಇನ್ನೂ ಹಿಂದಕ್ಕೆ ಹೋದರೆ 1915ರಲ್ಲಿ ಫ್ರಾನ್ಸಿಗೆ ಬಂದ ಗಿರ್ಡ್‌ವುಡ್ ಅನ್ನೋ ಕೆನಡಾದವನು ಸಿಗ್ತಾನೆ. 1911ರ ದೆಹಲಿ ದರ್ಬಾರಿನ ಫೋಟೋ ತೆಗೆದವನೇ. ಅಲ್ಲಿದ್ದ ಭಾರತೀಯ ಸಿಪಾಯಿಗಳ ಚಿತ್ರ ತೆಗೆಯೋಕೆ ಅನುಮತಿ ಪಡೆದು ಬಂದ. ಸೇನಾಧಿಕಾರಿಗಳು ಅವನನ್ನು ನಿಜವಾದ ಕಾದಾಟದ ಹತ್ತಿರ ಬಿಡಲು ಹಿಂದೇಟು ಹಾಕಿದ್ದರಿಂದ, ಹಿಂದಿನ ಕಂದಕಗಳಲ್ಲಿ ಗೂರ್ಖಾಗಳನ್ನು ನಿಲ್ಲಿಸಿ ದಾಳಿಯ ನಾಟಕ ಆಡಿಸಿ ತೆಗೆದ ಚಿತ್ರಗಳೂ ಇವೆ. ಅದೇ ಕಾಲಕ್ಕೆ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಅರಮನೆಯನ್ನೇ ಭಾರತೀಯ ಗಾಯಾಳುಗಳ ಆಸ್ಪತ್ರೆ ಮಾಡಿದ್ದರು. ಝೂಮರದ ಕೆಳಗೆ ಸಾಲಾಗಿ ಮಲಗಿದ ಸಿಪಾಯಿಗಳ ಫೋಟೋ ಪೋಸ್ಟ್‌ಕಾರ್ಡ್ ಆಗಿ ಊರೂರಿಗೆ ಹೋಯ್ತು. ಸಾಮ್ರಾಜ್ಯ ಎಷ್ಟು ದಯಾಳು ಅಂತ ತೋರಿಸಬೇಕಿತ್ತಲ್ಲ. ಆ ಅರಮನೆಯಲ್ಲಿ ಧರ್ಮ, ಜಾತಿ ನೋಡಿ ಒಂಬತ್ತು ಅಡುಗೆಮನೆ, ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ ಇತ್ತು.

(ಬ್ಯಾಡಗಿಯವರಿಗೆ ಒಂದು ಮಾತು. ಆಗ ಫ್ರಾನ್ಸಿನಿಂದ ಸಿಪಾಯಿಗಳು ಬರೆದ ಕಾಗದದಲ್ಲಿ ಸೆನ್ಸಾರಿನವರ ಕಣ್ಣು ತಪ್ಪಿಸಲು ಮೆಣಸಿನಕಾಯಿ ಭಾಷೆ ಬಳಸುತ್ತಿದ್ದರು. ಕರಿ ಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯರು. ಕರಿದು ತೀರುತ್ತಾ ಬಂತು, ಈಗ ಕೆಂಪು ಹಾಕ್ತಿದ್ದಾರೆ ಅಂತ ಬರೆದರೆ ಮನೆಯವರಿಗೆ ಅರ್ಥ ಆಗಬೇಕು. ಸೆನ್ಸಾರಿನವರಿಗೂ ಅರ್ಥ ಆಗಿಬಿಟ್ಟಿತ್ತು ಅನ್ನೋದು ಬೇರೆ ಮಾತು.)

ಸುಖಾ ಅನ್ನೋ ಮನುಷ್ಯನ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವೇ. ಬರೇಲಿಯವನು, ಸೈನ್ಯದ ಜೊತೆ ಕಸ ಗುಡಿಸೋಕೆ ಹೋದವನು. 1915ರ ಜನವರಿ 12ರಂದು ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್ ಆಸ್ಪತ್ರೆಯಲ್ಲಿ ತೀರಿಕೊಂಡ. ಮುಟ್ಟಬಾರದವನು ಅಂತ ಹಿಂದೂಗಳ ಜೊತೆ ಸುಡಲು ಬಿಡಲಿಲ್ಲ, ಮುಸ್ಲಿಮ್ ಅಲ್ಲ ಅಂತ ಅವರ ಮಣ್ಣಿನಲ್ಲೂ ಜಾಗ ಸಿಗಲಿಲ್ಲ ಅಂತ ಅಲ್ಲಿ ಇವತ್ತಿಗೂ ಹೇಳುತ್ತಾರೆ. ಕೊನೆಗೆ ಆ ಊರಿನ ಸೇಂಟ್ ನಿಕೋಲಸ್ ಚರ್ಚಿನ ಪಾದ್ರಿ ತಮ್ಮ ಅಂಗಳದಲ್ಲಿ ಮಣ್ಣು ಮಾಡಿಸಿದರು. ಊರಿನವರು ಹಣ ಹಾಕಿ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ಅವನ ಹೆಸರಿದೆ, ಊರಿದೆ, ಮೊಹಲ್ಲಾ ಕೂಡ ಇದೆ. ಕಡಲು ದಾಟಿದರೂ ಜಾತಿ ಅವನ ಜೊತೆಗೇ ಹೋಗಿತ್ತು. ಗುರುತು ಪರಿಚಯ ಇಲ್ಲದ ಹಳ್ಳಿಯವರು ಮಾತ್ರ ಅವನ ಹೆಸರು ಕೇಳಿ ಬರೆಸಿದರು. ನಾನು ಇದನ್ನು ಓದುವಾಗ ನನ್ನ ಚೀಲದಲ್ಲಿ ಕೇರಿಯವರ ಸ್ಮಶಾನದ ಅರ್ಜಿ ಇತ್ತು.

ಸುಖಾನಷ್ಟು ಅದೃಷ್ಟ ಎಲ್ಲರಿಗೂ ಇರಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ 40,000ಕ್ಕೂ ಹೆಚ್ಚು ಮಂದಿಯನ್ನು ನೆನೆಯಲಾಗಿದೆ. ಬ್ರಿಟಿಷರ ಹೆಸರು ಒಂದೊಂದಾಗಿ ಕೆತ್ತಿದರು, ಭಾರತೀಯ ಅಧಿಕಾರಿಗಳದ್ದೂ ಕೆತ್ತಿದರು. ಸಾಮಾನ್ಯ ಸಿಪಾಯಿಗಳಿಗೆ ಪಲ್ಟನ್ ಹೆಸರಿನ ಕೆಳಗೆ ಬರೀ ಸಂಖ್ಯೆ. ಇಂಥ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿತು: ಮೊದಲ ಮಹಾಯುದ್ಧದಲ್ಲಿ ಸತ್ತ 45,000ದಿಂದ 54,000 ಜನರಿಗೆ, ಮುಖ್ಯವಾಗಿ ಭಾರತ, ಆಫ್ರಿಕಾದವರಿಗೆ, ಸಮಾನ ಗೌರವ ಸಿಗಲಿಲ್ಲ ಅಂತ. ಒಪ್ಪಿಕೊಳ್ಳೋಕೆ ನೂರು ವರ್ಷ ಬೇಕಾಯ್ತು.

ನಮ್ಮ ಜಿಲ್ಲೆಯಲ್ಲೂ ಒಂದು ಲೆಕ್ಕ ಬಾಕಿ ಇದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಿದ್ದರು. ಆ ಮೂವರ ಹೆಸರು ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು, ಗೊತ್ತಿರಬೇಕು. ಅದೇ ವರ್ಷ ಇದೇ ಸೀಮೆಯ ಕೇರಿಯಿಂದ ಹೋದವರು ಬ್ರಿಟಿಷರ ಪಲ್ಟನ್ನಿನಲ್ಲಿದ್ದರು. 'ಅವರು ಪರಂಗಿಯವರ ಚಾಕರಿ ಮಾಡಿದವರು, ಅವರದೇನು ಇತಿಹಾಸ' ಅಂತ ಸಭೆಗಳಲ್ಲಿ ಕೇಳಿದ್ದೀನಿ. ಊರ ಬಾವಿಯ ಹತ್ತಿರ ಬಿಡದಿದ್ದ ಮನುಷ್ಯನಿಗೆ ತಿಂಗಳ ಸಂಬಳ, ಮನೆಗೆ ಮನಿಯಾರ್ಡರ್, ತನ್ನ ಕಾಲಿಗೂ ಒಂದು ಜೊತೆ ಬೂಟು ಸಿಕ್ಕ ಒಂದೇ ಜಾಗ ಅದಾಗಿತ್ತು. ಅಲ್ಲೂ ಅವನಿಗೆ ಸಿಕ್ಕಿದ್ದು ಫೋಟೋದ ಅಂಚೇ. ದೇಶಕ್ಕಾಗಿ ಸತ್ತವರ ಪಟ್ಟಿಯಲ್ಲೂ ಇಲ್ಲ, ಸೈನ್ಯದ ಪಟ್ಟಿಯಲ್ಲೂ ಇಲ್ಲ.

ಮೊನ್ನೆ ಅರ್ಜಿಯ ರಸೀದಿ ಕೊಡಲು ಮತ್ತೆ ಆ ಕೇರಿಗೆ ಹೋದೆ. ಫೋಟೋ ಇನ್ನೊಮ್ಮೆ ತೋರಿಸಿ ಅಂದೆ. ಮೊಬೈಲಿನಲ್ಲಿ ತೆಗೆದುಕೊಂಡೆ, ಈ ಸಲ ಅಂಚು ಪೂರ್ತಿ ಬರೋ ಹಾಗೆ. "ಯವ್ವಾ, ನಿಮ್ಮಪ್ಪನ ಹೆಸರು ಹೇಳ್ರಿ, ಇದರ ಹಿಂದ ಬರೀತೀನಿ" ಅಂತ ಪೆನ್ನು ತೆಗೆದೆ. ಅಜ್ಜಿ ಫೋಟೋ ಕಸಿದುಕೊಂಡು ಎದೆಗೆ ಒತ್ತಿಕೊಂಡರು.

"ಅದರ ಮ್ಯಾಲೆ ಬರಿಬ್ಯಾಡೋ ತಮ್ಮಾ, ಮಸಿ ಮುಂದಿನ ಬದಿಗೆ ಇಳಿತೈತಿ. ನಿನ್ನ ವಹ್ಯಾಗ ಬರಕೋ."

ಬರಕೊಂಡೆ. ಅಪ್ಪನ ಹೆಸರು, ಅವರಪ್ಪನ ಹೆಸರು, ಅವ್ವನ ಹೆಸರು, ಊರು. ಅದನ್ನು ಇಲ್ಲಿ ಹಾಕಲಾ ಅಂತ ಕೇಳಿದ್ದಕ್ಕೆ, "ನಮ್ಮಣ್ಣನ ಮಗ ಹುಬ್ಬಳ್ಳ್ಯಾಗ ಅದಾನ, ಅವನ್ನೊಂದು ಮಾತು ಕೇಳು ಮೊದಲ" ಅಂದರು. ಅವರಿಗೆ ಫೋನ್ ಮಾಡಿದ್ದೀನಿ, ಭಾನುವಾರ ಸಿಗ್ತೀನಿ ಅಂದಿದ್ದಾರೆ.