ಹಳೆಯ ತೊಟ್ಟಿಮನೆಯ ಜೀರ್ಣೋದ್ಧಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳೆಯ ಬೀದಿಗಳಲ್ಲಿ ತೊಟ್ಟಿಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಕಲ್ಲಿನ ತಳಪಾಯ, ದಪ್ಪನಾದ ಮಣ್ಣಿನ ಗೋಡೆ, ಮರದ ಕಂಬ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮೇಲೆ ನಾಡಹೆಂಚು, ಇಲ್ಲವೆ ಮಣ್ಣಿನ ಮಾಳಿಗೆ. ಗೋಡೆಯ ದಪ್ಪದಿಂದಲೂ, ಬಿಸಿಗಾಳಿ ತೊಟ್ಟಿಯ ಮೂಲಕ ಮೇಲೇರುವುದರಿಂದಲೂ ಇವು ಬೇಸಗೆಯಲ್ಲಿ ತಂಪಾಗಿರುತ್ತವೆ.

ಆದರೆ ಒಳಕೋಣೆ ಕತ್ತಲು, ಅಡಿಗೆಮನೆ ಹೊಗೆಮಯ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ತರುವಾಯ ಮನೆಗೆ ಗಾಳಿ ಬೆಳಕುಗಳು ಅವಶ್ಯವೆಂಬ ತಿಳಿವಳಿಕೆ ಸಂಸ್ಥಾನದಲ್ಲಿ ಬಲವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಹಳ್ಳಿಯ ಒಳಕೋಣೆಯನ್ನು ತಲುಪಲು ಮತ್ತೆ ದಶಕಗಳು ಬೇಕಾದುವು. ಹೀಗೆ ಕಿಟಕಿ, ದೀಪ, ನಲ್ಲಿಗಳು ಒಂದೊಂದಾಗಿ ಸೇರಿದುವು. ಅವುಗಳಿಂದ ಮನೆಗೆ ಕೇಡಾಗಲಿಲ್ಲ.

ಕೇಡಾದುದು ಸಿಮೆಂಟಿನಿಂದ. ಮಣ್ಣೂ ಸುಣ್ಣದ ಗಾರೆಯೂ ಹೀರಿದ ತೇವವನ್ನು ಮರಳಿ ಗಾಳಿಗೆ ಬಿಡುತ್ತವೆ. ಅವುಗಳ ಮೇಲೆ ಸಿಮೆಂಟು ಬಳಿದರೆ ತೇವವು ಒಳಗೇ ನಿಂತು ಗೋಡೆ ಮೆತ್ತಗಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಆಗ ಮನೆಗೆ ಮುಪ್ಪು ಬಂದಿತೆಂದು ಕೆಡವಿಬಿಡುವುದು ವಾಡಿಕೆ. ಜಪಾನಿನ ಬಡಗಿಗಳು ಹಾಗೆ ಮಾಡುವುದಿಲ್ಲ. ಕಂಬದ ಬುಡ ಕೊಳೆತರೆ ಅಷ್ಟನ್ನೇ ಕೊಯ್ದು ಹೊಸ ಮರವನ್ನು ಬೆಸೆದು ಕಂಬವನ್ನು ಉಳಿಸುತ್ತಾರೆ.

ಆದಕಾರಣ ಜೀರ್ಣೋದ್ಧಾರಕ್ಕೆ ಕೈಯಿಡುವ ಗೃಹಸ್ಥರು ಮೊದಲು ಮಾಡಿನ ಸೋರಿಕೆಯನ್ನು ನಿಲ್ಲಿಸಬೇಕು. ಸಿಮೆಂಟನ್ನು ಮೆಲ್ಲನೆ ತೆಗೆದು ಸುಣ್ಣದ ಗಾರೆ ಮಾಡಿಸಬೇಕು. ಹೊಸ ಬಚ್ಚಲನ್ನು ಮಣ್ಣುಗೋಡೆಗೆ ತಾಗದಂತೆ ಕಟ್ಟಿಸಬೇಕು. ಕತ್ತಲ ಕೋಣೆಗೆ ಕಿಟಕಿಯಿಡಬೇಕು. ತೊಟ್ಟಿಯನ್ನು ಮಾತ್ರ ಮುಚ್ಚಬಾರದು. ಮನೆ ಉಸಿರಾಡುವುದು ಅದರಿಂದಲೇ. ವಾಸಕ್ಕೆ ಹಿತವಾದ ಮನೆಯನ್ನು ಮಕ್ಕಳು ಬಿಟ್ಟುಹೋಗರು. ಜನವಿರುವ ಮನೆಯೇ ಬಹುಕಾಲ ನಿಲ್ಲತಕ್ಕದ್ದು.